ಆ ಎಕ್ಸ್ ಎಲ್ಲಿಂದ ಬಂತು?

2025ರ ಜನವರಿ 29, ಬುಧವಾರ. ಹೊಸಪೇಟೆಯ ಪದವಿ ಕಾಲೇಜೊಂದರ ಸಭಾಂಗಣ. ಶುಕ್ರವಾರ ನಿವೃತ್ತರಾಗುವ ಗಣಿತ ಉಪನ್ಯಾಸಕ ಅಂದಾನಪ್ಪನವರು ಬೀಳ್ಕೊಡುಗೆಗೆ ಉತ್ತರವಾಗಿ ಆಡಿದ ಮಾತು.

ಅಧ್ಯಕ್ಷರೇ, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಊಟದ ವಾಸನೆ ಬಂದರೂ ಎದ್ದುಹೋಗದ ಸಭಿಕರೇ,

ನನ್ನ ಬೋರ್ಡಿನಲ್ಲಿ ಎಂದೂ ತಪ್ಪಿರುತ್ತಿರಲಿಲ್ಲ ಎಂದು ಎಲ್ಲರೂ ಹೊಗಳಿದಿರಿ. ನೋಟ್ಸಿನಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸಿದರೆ ತಪ್ಪು ಎಲ್ಲಿಂದ ಬರಬೇಕು?

ನಮ್ಮ ಪಠ್ಯದಲ್ಲಿರುವ ಎರಡನೇ ದರ್ಜೆಯ ಅವಕಲ ಸಮೀಕರಣ, ಅಂದರೆ ಡಿಫರೆನ್ಷಿಯಲ್ ಈಕ್ವೇಷನ್, ಬಿಡಿಸುವುದು ಕಷ್ಟವಲ್ಲ. ಅದನ್ನೊಂದು ವರ್ಗ ಸಮೀಕರಣ ಮಾಡಿಕೊಂಡರೆ, ಅದರ ಎರಡು ಮೂಲಗಳಿಂದ ಉತ್ತರದ ಎರಡು ಭಾಗ ಸಿಗುತ್ತವೆ. ಎರಡೂ ಮೂಲ ಒಂದೇ ಆಗಿಬಿಟ್ಟರೆ? ಒಂದು ಭಾಗಕ್ಕೆ ಎಕ್ಸ್ ಗುಣಿಸಿ ಎನ್ನುತ್ತದೆ ನನ್ನ ನೋಟ್ಸ್. ನನ್ನ ಮೇಷ್ಟರ ನೋಟ್ಸೂ ಹಾಗೇ ಎನ್ನುತ್ತಿತ್ತು. ಏಕೆ? ನಾನು ಕೇಳಿರಲಿಲ್ಲ. ನಾನು ಪಾಠ ಮಾಡಿದ ಮೂವತ್ತೊಂದು ವರ್ಷ, ವಿದ್ಯಾರ್ಥಿಗಳೇ, ನೀವೂ ಕೇಳಲಿಲ್ಲ. ಹೀಗಾಗಿ ನಮ್ಮ ಸಂಬಂಧ ಚೆನ್ನಾಗಿತ್ತು.

ನವೆಂಬರಿನಲ್ಲಿ ಅಂತಿಮ ವರ್ಷದ ಸುಷ್ಮಿತಾ, ಗಾದಿಗನೂರಿನಿಂದ ಬರುವ ಹುಡುಗಿ, ಎದ್ದು ನಿಂತಳು.

"ಸರ್, ಆ ಎಕ್ಸ್ ಎಲ್ಲಿಂದ ಬಂತ್ರೀ?"

"ಯೂನಿವರ್ಸಿಟಿಯಿಂದ ಬಂತವ್ವಾ. ಬರ್ಕೋ, ಕುಂದ್ರು."

ತರಗತಿ ನಕ್ಕಿತು. ಅವಳೂ ನಕ್ಕಳು, ಆದರೆ ಬರೆದುಕೊಳ್ಳಲಿಲ್ಲ.

ಆಂತರಿಕ ಪರೀಕ್ಷೆಯಲ್ಲಿ ಅದೇ ಲೆಕ್ಕವನ್ನು ಅವಳು ಬೇರೆ ದಾರಿಯಲ್ಲಿ ಬಿಡಿಸಿದಳು. ಉತ್ತರ ಸರಿಯಿತ್ತು. ನಾನು ಐದಕ್ಕೆ ಎರಡು ಹಾಕಿದೆ. ಎಂಎಸ್ಸಿ ಸೀಟಿಗೆ ಕಾಯುವವಳಿಗೆ ಮೂರು ಅಂಕ ಸಣ್ಣದೇ? ಸ್ಟಾಫ್ ರೂಮಿಗೆ ಬಂದಳು.

"ಸರ್, ಎಲ್ಲಿ ತಪ್ಪೈತಿ ತೋರ್ಸ್ರಿ."

"ನೋಟ್ಸಿನ್ಯಾಗ ಹಂಗೈತೇನು?"

"ನೋಟ್ಸಿನ್ಯಾಗ ಕಾರಣಾನ ಇಲ್ಲಲ್ರಿ ಸರ್."

ಕಳೆದ ಭಾನುವಾರ ತಪ್ಪು ಹುಡುಕಲೆಂದೇ ಆ ಹಾಳೆ ಹಿಡಿದು ಕುಳಿತೆ. ಸಿಕ್ಕ ಒಂದೇ ಉತ್ತರಕ್ಕೆ ಅವಳು ಗೊತ್ತಿಲ್ಲದ ಒಂದು 'ವಿ'ಯನ್ನು ಗುಣಿಸಿ ಸಮೀಕರಣದಲ್ಲಿ ಹಾಕಿದ್ದಳು. ಉಳಿದೆಲ್ಲ ಹೊಡೆದುಹೋಗಿ ಒಂದೇ ಮಾತು ಉಳಿದಿತ್ತು: 'ವಿ' ಒಂದೇ ವೇಗದಲ್ಲಿ ಸಾಗುತ್ತದೆ. ಕಂಪ್ಲಿ ಬಸ್ಸು ಒಂದೇ ವೇಗದಲ್ಲಿ ಹೋಗುತ್ತದೆನ್ನಿ. ಊಹಿಸುವುದು ಕಷ್ಟ, ಆದರೂ ಊಹಿಸಿ. ವೇಗಕ್ಕೆ ಕಾಲವನ್ನು ಗುಣಿಸಿ, ಹೊರಟ ಜಾಗಕ್ಕೆ ಕೂಡಿಸಿದರೆ ಅದು ಎಲ್ಲಿದೆಯೆಂದು ತಿಳಿಯುತ್ತದೆ. ಆ ಕಾಲವೇ ನಮ್ಮ ಎಕ್ಸ್! ಅಷ್ಟೇ!

ನನ್ನ ಮನೆಯವರು ಅಕ್ಕನಾಗಮ್ಮ ಎರಡನೇ ಸಲ ಊಟಕ್ಕೆ ಕರೆದರು. "ಅಂಥಾದ್ದೇನ್ ಬರ್ದಾಳ್ರೀ ಆ ಹುಡುಗಿ?"

"ಸರಿ ಬರ್ದಾಳ."

"ಸರಿ ಬರ್ದಿದ್ದು ನೋಡಾಕ ಇಷ್ಟೊತ್ತು ಬೇಕೇನ್ರಿ?"

ಬೇಕಾಯಿತು, ಸಭಿಕರೇ. ಮೂವತ್ತೊಂದು ವರ್ಷ ಬೇಕಾಯಿತು. ಎಷ್ಟು ಖುಷಿಯಾಯಿತೆಂದರೆ, ಅನ್ನ ತಣ್ಣಗಾದದ್ದೂ ತಿಳಿಯಲಿಲ್ಲ.

ನಾನು ಸಹಿ ಹಾಕಿದ ಅಂಕಪಟ್ಟಿ ಪ್ರಾಂಶುಪಾಲರ ಮೇಜಿನ ಮೇಲಿದೆ. ಶುಕ್ರವಾರ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಎರಡನ್ನು ಐದು ಮಾಡಲು ಲಿಖಿತ ಕಾರಣ ಕೊಡಬೇಕಂತೆ. ನಾಳೆ ಬೆಳಿಗ್ಗೆ ಕೊಡುತ್ತೇನೆ: 'ಉತ್ತರ ಸರಿಯಿತ್ತು. ಮೇಷ್ಟರಿಗೆ ತಿಳಿದಿರಲಿಲ್ಲ.'

ಶಾಲು ಹೊದಿಸಿದವರಿಗೂ, ತಾಳ್ಮೆಯಿಂದ ಕೇಳಿದವರಿಗೂ ಕೃತಜ್ಞತೆಗಳು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ಸುಷ್ಮಿತಾ, ತಲೆ ಎತ್ತವ್ವಾ. ನಿನಗೂ ನನ್ನ ನಮಸ್ಕಾರ.