ಕಿಟಕಿಯ ಮೇಲಿಟ್ಟ ಕರಡಿಗೆ

ನನ್ನ ಹೆಸರು ಗುರುಬಸವ್ವ, ಗಂಡ ಮಹಾಂತಪ್ಪ, ವಯಸ್ಸು 68, ನಿವೃತ್ತ ಅಂಗನವಾಡಿ ಶಿಕ್ಷಕಿ. ಊರು ಬಾಗಲಕೋಟೆ ಜಿಲ್ಲೆಯ ಕಮತಗಿ. ಸದ್ಯ ಸ್ಯಾಂಟಾ ಕ್ಲಾರಿಟಾದಲ್ಲಿ ಮಗಳು ರಕ್ಷಿತಾಳ ಮನೆಯಲ್ಲಿ ವಾಸ. ಪೊಲೀಸರು ಕೇಳಿದ್ದಕ್ಕೆ, ನಡೆದದ್ದನ್ನು ನಡೆದ ಹಾಗೆಯೇ ಈ ಮೂಲಕ ತಿಳಿಸುತ್ತೇನೆ. ನಾನು ಕನ್ನಡದಲ್ಲಿ ಹೇಳಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿದ್ದಾಳೆ.

ದಿನಾಂಕ 12-3-2006, ಭಾನುವಾರ ಬೆಳಿಗ್ಗೆ 10.40ಕ್ಕೆ ಮಗಳು ನನ್ನನ್ನು ಬಾಯ್ಲ್ ಹೈಟ್ಸ್‌ನ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರದ ಮುಂದೆ ಇಳಿಸಿ, ಪಾರ್ಕಿಂಗ್ ಹುಡುಕಲು ಹೋದಳು. ಆ ಮಂದಿರ ಈಗ ಮ್ಯೂಸಿಯಂ. ಹಡಗು ಹತ್ತಿ ಬಂದ ಯೆಹೂದಿಗಳು ಇಲ್ಲಿ ಹೇಗೆ ಬಾಳಿದರು ಎಂಬುದನ್ನು ಅಲ್ಲಿ ತೋರಿಸುತ್ತಾರೆ. ಬಾಗಿಲಲ್ಲಿ ಲೋಹ ಹುಡುಕುವ ಯಂತ್ರವಿತ್ತು. ಕಾವಲುಗಾರ ನನ್ನ ಕೊರಳಿನ ಬೆಳ್ಳಿಯ ಕರಡಿಗೆ ನೋಡಿ, ತಟ್ಟೆಯಲ್ಲಿಡುವಂತೆ ಕೈಸನ್ನೆ ಮಾಡಿದ. ಅದರೊಳಗೆ ನನ್ನ ಇಷ್ಟಲಿಂಗವಿದೆ. ನನ್ನ ಮುಂದಿನವರು ಅದೇ ತಟ್ಟೆಯಲ್ಲಿ ಬೂಟು ಇಟ್ಟಿದ್ದರು. ನನಗೆ ಮನಸ್ಸು ಬರಲಿಲ್ಲ. ಹೇಳಲು ಇಂಗ್ಲಿಷೂ ಬರಲಿಲ್ಲ. ಹೊರಗೆ ಬಂದು, ಕರಡಿಗೆಯನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿ, ಹೊರಗೋಡೆಯ ತಗ್ಗು ಕಿಟಕಿಯ ಮೇಲಿನ ಸಣ್ಣ ಗೂಡಿನಲ್ಲಿಟ್ಟೆ. ನೆಲದಿಂದ ಐದಡಿ ಎತ್ತರ. ದೇವರ ಮನೆಯ ಗೋಡೆ, ಯಾರ ಕಾಲೂ ತಾಗದು ಎಂದುಕೊಂಡು ಒಳಗೆ ಹೋದೆ. ಲಿಂಗವನ್ನು ಮೈಯಿಂದ ಇಳಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

10.55ಕ್ಕೆ ಪೊಲೀಸರು ಬಂದು ಒಳಗಿದ್ದ ನಮ್ಮನ್ನೆಲ್ಲ ಹೊರಗೆ ಕಳಿಸಿ, ಇನ್ನೂರು ಅಡಿ ದೂರ ನಿಲ್ಲಿಸಿದರು. ಯಾರೋ ಗೋಡೆಯಲ್ಲಿ ಗಂಟು ಇಟ್ಟು ಹೋಗಿದ್ದಾರೆ, ಬಾಂಬ್ ಇರಬಹುದಂತೆ ಎಂದು ಆಗಷ್ಟೇ ಕಾರು ನಿಲ್ಲಿಸಿ ಬಂದ ಮಗಳು ಹೇಳಿದಳು. ಅರಿವಿ ಯಾವ ಬಣ್ಣದ್ದು ಎಂದು ಕೇಳಿದೆ. ಬಿಳಿ ಎಂದಳು. ಅದು ನಂದ ಐತೆವ್ವಾ ಎಂದೆ. ಯವ್ವಾ, ದೇವರನ್ನ ಮನ್ಯಾಗರ ಬಿಟ್ಟು ಬರಬೇಕಿತ್ತು, ಇಲ್ಲಾ ಕೊರಳಾಗರ ಇಟ್ಕೋಬೇಕಿತ್ತು, ಕಿಟಕಿ ಮ್ಯಾಲೆ ಯಾರರ ಇಡ್ತಾರೇನು ಎಂದು ಬೈಯುತ್ತಲೇ ಪೊಲೀಸರ ಬಳಿ ಓಡಿದಳು.

ಪೊಲೀಸರು ತೆಗೆದ ಎಕ್ಸ್-ರೇ ಚಿತ್ರದಲ್ಲಿ ತಂತಿ ಕಾಣಲಿಲ್ಲವಂತೆ. ಆದರೆ ಒಳಗೆ ಗಟ್ಟಿಯಾದದ್ದೇನೋ ಇದೆ, ಕತ್ತರಿಸಿ ನೋಡಬೇಕು ಎಂದು ಅಧಿಕಾರಿ ಹೇಳಿದರು. ಲಿಂಗ ಕೈಸೇರುವತನಕ ಹನಿ ನೀರೂ ಕುಡಿಯುವುದಿಲ್ಲ ಎಂದೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಮಗಳು ಅಳತೊಡಗಿದಳು.

ಆಗ ಮ್ಯೂಸಿಯಂ ತೋರಿಸುವ ಮಿರಿಯಮ್ ಎಂಬ ಅಜ್ಜಿ ಬಂದರು. ವಯಸ್ಸು ಎಂಬತ್ತರ ಮೇಲೆ. ಮಗಳ ಮಾತು ಪೂರ್ತಿ ಕೇಳಿ ಅಧಿಕಾರಿಯ ಕಡೆ ತಿರುಗಿ, ಅದನ್ನು ಈಕೆಯೇ ತೆರೆಯಲಿ, ಅಪಾಯವಿದ್ದರೆ ಇಬ್ಬರಿಗೂ ಇರಲಿ, ನಾನು ಪಕ್ಕದಲ್ಲೇ ನಿಲ್ಲುತ್ತೇನೆ ಎಂದರಂತೆ. ಅಧಿಕಾರಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿ ಒಪ್ಪಿದರು.

12.10ಕ್ಕೆ ಕೈಕಾಲು ತೊಳೆದು ಫುಟ್‌ಪಾತಿನ ಮೇಲೆ ಕುಳಿತೆ. ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿಗೊತ್ತಿಕೊಂಡೆ. ಮಿರಿಯಮ್ ಒಂದು ಮೊಳ ದೂರದಲ್ಲಿ ನಿಂತಿದ್ದರು. ಅಧಿಕಾರಿ ಬಗ್ಗಿ ನೋಡಿದರು, ಮುಟ್ಟಲಿಲ್ಲ. ನಾನು ಪೂಜೆ ಮುಗಿಸುವವರೆಗೂ ಕಾದರು.

1.20ಕ್ಕೆ ಬಾಗಿಲು ತೆರೆಯಿತು. ಕಾವಲುಗಾರ ಕೊರಳ ಕಡೆ ನೋಡಿ, ಹಾಗೆಯೇ ಹೋಗಿ ಎಂದು ತಲೆಯಾಡಿಸಿದ. ಮಿರಿಯಮ್ ಕೈಹಿಡಿದು ನನ್ನನ್ನೇ ಮೊದಲು ಒಳಗೆ ಕರೆದೊಯ್ದು, ಗಾಜಿನ ಹಿಂದಿದ್ದ ತಮ್ಮ ಅಜ್ಜಿಯ ಲಂಗ ತೋರಿಸಿದರು. ಅದಕ್ಕೊಂದು ಒಳಜೇಬು. ಅಜ್ಜಿ ತನ್ನ ಪ್ರಾರ್ಥನೆಯ ಪುಸ್ತಕವನ್ನು ಅದರಲ್ಲಿಟ್ಟು ಹೊಲಿದುಕೊಂಡು, ಬಂದರಿನ ತಪಾಸಣೆಯವರ ಕೈಗೂ ಕೊಡದೆ ಬಂದರಂತೆ. ನಿಮ್ಮಜ್ಜಿ ನನಗಿಂತ ಶಾಣ್ಯಾ ಇದ್ದಳು ಎಂದೆ. ಮಗಳು ಅದನ್ನು ಹೇಳಿದಾಗ ಮಿರಿಯಮ್ ನಗುತ್ತ ಕಣ್ಣೊರೆಸಿಕೊಂಡರು.

ತಪ್ಪು ನನ್ನದು. ಕಾವಲುಗಾರನ ಮೇಲಾಗಲಿ, ಪೊಲೀಸರ ಮೇಲಾಗಲಿ ನನ್ನ ದೂರಿಲ್ಲ, ಎಲ್ಲರ ಉಪಕಾರವಿದೆ. ಬರೆದದ್ದನ್ನು ಮಗಳು ಓದಿ ಹೇಳಿದಳು. ನಾನು ಹೇಳಿದ್ದಷ್ಟೇ ಇದೆ, ಸತ್ಯವಿದೆ.

ಸ್ಥಳ: ಲಾಸ್ ಏಂಜಲೀಸ್
ದಿನಾಂಕ: 12-3-2006
ಸಹಿ: ಗುರುಬಸವ್ವ ಮಹಾಂತಪ್ಪ