ನಡುಗೆರೆ

ಗಂಡನನ್ನು ಎಕ್ಸ್‌ರೇ ಕೋಣೆಗೆ ಕಳಿಸಿ ಕೊಪ್ಪದ ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ಯಮುನಮ್ಮನ ಪಕ್ಕದಲ್ಲಿ ಇಬ್ಬರು ಮುದುಕರು ಕೂತಿದ್ದರು. ಒಬ್ಬರು ಪೇಪರಿನಲ್ಲಿ ಆಟೋಟದ ಸುದ್ದಿ ಬರೆದು ತಲೆ ನರೆಸಿಕೊಂಡವರು. ಇನ್ನೊಬ್ಬ ಶೆಟ್ಟಿಕೊಪ್ಪದ ಹಳೇ ಕಬಡ್ಡಿ ಆಟಗಾರ ಭೈರಪ್ಪ. ಅವನಿಗೆ ಅಂದು ಹೊಟ್ಟೆಯ ಆಪರೇಷನ್. ಇಷ್ಟೂ ಅವರ ಮಾತಿನಿಂದಲೇ ಅವಳಿಗೆ ತಿಳಿಯಿತು.

"ದೊಡ್ಡ ದೊಡ್ಡ ಆಟಗಾರರನ್ನೆಲ್ಲ ಹತ್ತಿರದಿಂದ ನೋಡಿದೀರಿ. ಅವ್ರಿಗೂ ಹೆದ್ರಿಕೆ ಆಗ್ತಿತ್ತಾ?" ಎಂದ ಭೈರಪ್ಪ.

"ಆಗ್ದೆ ಇರುತ್ತಾ ಮಾರಾಯ? ದೆಹಲೀಲಿ ಒಬ್ಬ ಓಟಗಾರ, ದೇಶಕ್ಕೆಲ್ಲ ಹೆಸರು. ಕೈ ನಡುಗಿ ಶೂ ಲೇಸ್ ಕಟ್ಟೋಕಾಗ್ಲಿಲ್ಲ. ನಾನೇ ಕಟ್ಟಿದೆ."

"ಪೇಪರಲ್ಲಿ ಬರೆದ್ರಾ?"

"ಥೂ, ಅದನ್ನೆಲ್ಲ ಬರೀತಾರಾ?"

"ಗೆದ್ದನಾ?"

"ಚಿನ್ನ ತಂದ."

ಭೈರಪ್ಪ ತನ್ನ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡ.

"ನನ್ನ ಆಟ ನೆನಪಿದೆಯಾ?"

"ಎಪ್ಪತ್ತೆರಡರ ಎನ್.ಆರ್.ಪುರದ ಫೈನಲ್. ಐದು ಜನ ನಿನ್ನ ಮೇಲೆ ಬಿದ್ದಿದ್ರು. ನಿನ್ನದೊಂದು ಕೈ ಮಾತ್ರ ಹೊರಗೆ ಕಾಣ್ತಿತ್ತು. ಅದು ತೆವಳಿಕೊಂಡು ಬಂದು ನಡುಗೆರೆ ಮುಟ್ತು. ಅಂಥದ್ದನ್ನ ನಾನು ದೆಹಲೀಲೂ ನೋಡ್ಲಿಲ್ಲ."

ನರ್ಸ್ ಬಂದು ಹೆಸರು ಕೂಗಿದಳು. ಭೈರಪ್ಪ ಎದ್ದು ಹೋಗಿ ಆಪರೇಷನ್ ಕೋಣೆಯ ಹೊಸ್ತಿಲಲ್ಲಿ ನಿಂತ. ಅಂಕಣಕ್ಕಿಳಿಯುವ ಆಟಗಾರನಂತೆ ಬಗ್ಗಿ, ನೆಲ ಮುಟ್ಟಿ ಹಣೆಗೊತ್ತಿಕೊಂಡ.

"ಗೆರೆ ಮುಟ್ಟಿ ವಾಪಸ್ ಬಾ ಮಾರಾಯ."

ಬಾಗಿಲು ಮುಚ್ಚಿತು. ಪೇಪರಿನವರು ಅದರೆದುರೇ ನಿಂತರು. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ದೇವರ ನಾಮವಿರಬೇಕೆಂದು ಯಮುನಮ್ಮ ಕಿವಿಗೊಟ್ಟಳು. ಅವರು ಉಸಿರು ಬಿಡದೆ ಹೇಳುತ್ತಿದ್ದರು: ಕಬಡ್ಡಿ, ಕಬಡ್ಡಿ, ಕಬಡ್ಡಿ...