ತಲೆಕೆಳಗಾದ ಐದು

ಮುಳಬಾಗಿಲು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ವೆಂಕಟರತ್ನಮ್ಮನ ಐದು ರೂಪಾಯಿ ನಾಣ್ಯವನ್ನು ಖೋಟಾ ಎಂದು ಎಲ್ಲರೆದುರು ನೆಲಕ್ಕೆಸೆದ. ಸೊಸೆ ಅನಿತ ಅದನ್ನು ಎತ್ತಿಕೊಂಡು ನಾನು ಕೂತಿದ್ದ ಬೆಂಚಿನಲ್ಲೇ ಅತ್ತೆಯ ಪಕ್ಕ ಕೂತಳು.

“ಅತ್ತೆ, ಪುಸ್ತಕದ ಹಾಳೆ ಮಗುಚಿದ ಹಾಗೆ ಇದನ್ನ ಮಗುಚಿ.”

“ಅಯ್ಯೋ, ಸಿಂಹ ನೆಟ್ಟಗಿದೆ, ಐದು ತಲೆಕೆಳಗಾಗಿದೆ ಕಣೇ!”

“ಬೇರೆ ನಾಣ್ಯದಲ್ಲಿ ಎರಡೂ ನೆಟ್ಟಗಿರ್ತವೆ. ಇದಕ್ಕೆ ಟಂಕಸಾಲೆಯಲ್ಲೇ ಅಚ್ಚು ತಿರುಗಿಬಿಟ್ಟಿದೆ. ಅಸಲಿ ಸರ್ಕಾರದ್ದೇ ಅತ್ತೆ. ಇಂಥದ್ದನ್ನ ಜಾಸ್ತಿ ದುಡ್ಡು ಕೊಟ್ಟು ಕೊಳ್ಳೋಕೆ ಹುಡುಕಿಕೊಂಡು ಬರೋರಿದ್ದಾರೆ.”

“ಹಂಗಾದ್ರೆ ನಾನು ಕಳ್ಳಿಯಲ್ಲ!” ಮುದುಕಿ ಬಾಯಿ ತುಂಬ ನಕ್ಕಳು.

ಅಷ್ಟರಲ್ಲಿ ಈ ಮಾತು ಕೇಳಿಸಿಕೊಂಡ ಅಂಗಡಿಯವನೇ ಓಡಿಬಂದ. “ಅಮ್ಮಾ, ಅದನ್ನ ಇತ್ತ ಕೊಡಿ. ಇಬ್ಬರಿಗೂ ಟೀ, ಬನ್ನು ಕೊಡ್ತೀನಿ.”

“ಖೋಟಾ ಅಂದೋನಿಗೆ ಅಸಲಿ ಯಾಕೆ? ಕೊಡಲ್ಲ ಹೋಗಯ್ಯಾ!” ಎನ್ನುತ್ತಾ ಮುದುಕಿ ಸೊಸೆಯ ಜೊತೆ ಯಲ್ದೂರಿನ ಬಸ್ಸು ಹತ್ತಿದಳು.